ಊರು ತುಂಬಲು ಬಂದ ಸೊಸೆ

ನನ್ನನ್ನು ಹೆಣ್ಣು ಕೇಳಲು ಬಂದದ್ದು ಗಂಡಿನ ಮನೆಯವರಷ್ಟೇ ಅಲ್ಲ, ಒಂದು ಊರಿಗೆ ಊರೇ. ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಂದು ಒಂದು ಟೆಂಪೊ ಬಂದು ನಿಂತಾಗ, ಯಾವುದೋ ದೇವಸ್ಥಾನಕ್ಕೆ ಹೊರಟವರು ನೀರು ಕುಡಿಯಲು ಇಳಿದಿದ್ದಾರೆ ಅಂದುಕೊಂಡೆವು. ಇಳಿದವರೆಲ್ಲ ನಮ್ಮ ಮನೆಯ ಮುಂದೆಯೇ ಚಪ್ಪಲಿ ಬಿಟ್ಟರು. ಮಂಡಕ್ಕಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದ ಅವ್ವ ಹೊರಗೆ ಇಣುಕಿ ನೋಡಿ, ಇನ್ನಷ್ಟು ಮಂಡಕ್ಕಿ ತರಲು ನನ್ನ ತಂಗಿಯನ್ನು ಪಕ್ಕದ ಮನೆಗೆ ಓಡಿಸಿದಳು. ಅಷ್ಟು ಜನರಲ್ಲಿ ಗಂಡು ಯಾರು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಮೂಲೆಯಲ್ಲಿ, ಟೆಂಪೊ ಡ್ರೈವರ್ ಪಕ್ಕ, ತಲೆ ಬಗ್ಗಿಸಿ ಕುಳಿತಿದ್ದವರೇ ಈಗಿನ ನನ್ನ ಯಜಮಾನರು.

ಮಾತೆಲ್ಲ ಅವರ ದೊಡ್ಡಪ್ಪನದು. ತಂದೆ ಇಲ್ಲದ ಆ ಮನೆಗೆ ಅವರೇ ಹಿರಿಯರು, ಊರಿಗೂ ಅವರೇ ಹಿರಿಯರು. ನಾನು ಅವರನ್ನು ಇಂದಿಗೂ ಮಾವ ಎಂದೇ ಕರೆಯುತ್ತೇನೆ. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್ಲು, ಬೆಲ್ಲದಂಥ ಮಾತು. ಅವರ ಊರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ನಾಲೆ ಹರಿಯುವ ಕಡೆ. ನೀರಿಗೆ ಕೊರತೆಯಿಲ್ಲ, ಭತ್ತಕ್ಕೆ ಕೊರತೆಯಿಲ್ಲ, ಜನಕ್ಕೆ ಮಾತ್ರ ಬರ.

“ನಿಮ್ಮ ಹತ್ರ ಏನೂ ಮುಚ್ಚಿಡಾದಿಲ್ಲ ಯಜಮಾನ್ರೆ,” ಎಂದು ಅವರು ನನ್ನ ಅಪ್ಪನಿಗೆ ಹೇಳಿದರು. “ನಮ್ಮೂರು ಖಾಲಿ ಆಗ್ತಾ ಐತೆ. ಹಿಟ್ಟಿನ ಗಿರಣಿ ಮುಚ್ಚಿದ್ರು. ಸಂಜಿ ಬಸ್ಸು ಊರೊಳಗೆ ಬರಾದು ಬಿಡ್ತು. ಯಾರಾದ್ರೂ ಸತ್ರೆ ಹೆಣ ಎತ್ತಾಕೆ ಪಕ್ಕದೂರಿಂದ ಜನ ಕರೀಬೇಕು. ಹುಡುಗ್ರು ಅದಾರೆ, ಹೊಲ ಐತೆ, ಹೆಣ್ಣು ಕೊಡೋರಿಲ್ಲ. ಹೊನ್ನಾಳಿ ಕಡೆ ಹೋದ್ರೆ ದಾವಣಗೆರೇಲಿ ಮನೆ ಐತಾ ಅಂತಾರೆ. ನ್ಯಾಮತಿ ಕಡೆ ಹೋಗಿ ಸೂರಗೊಂಡನಕೊಪ್ಪದ ತನಕ ಸುತ್ತಿ ಬಂದ್ವಿ, ಅಲ್ಲಿ ಶಿವಮೊಗ್ಗದಾಗೆ ಸೈಟ್ ಐತಾ ಅಂತಾರೆ. ಊರಾಗೇ ಬಾಳ್ವೆ ಮಾಡೋ ಹೆಣ್ಣು ಒಂದಾದ್ರೂ ಸಿಗ್ಲಿ ಅಂತ ನಿಮ್ಮ ಬಾಗಿಲಿಗೆ ಬಂದೀವಿ.”

ನಮ್ಮ ಕಡೆಯ ಹುಡುಗಿಯರೂ ಆಗ ಅದನ್ನೇ ಕೇಳುತ್ತಿದ್ದರು. ನನ್ನ ಜೊತೆ ಓದಿದವಳೊಬ್ಬಳು “ಸಗಣಿ ಬಾಚಾಕೆ ನಾನು ಡಿಗ್ರಿ ಮಾಡಿದ್ನಾ?” ಎಂದು ಬಂದ ಗಂಡುಗಳನ್ನೆಲ್ಲ ಹಿಂದಕ್ಕೆ ಕಳಿಸಿದ್ದಳು. ಅವಳನ್ನು ತಪ್ಪು ಅನ್ನಲಾರೆ. ಆದರೆ ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ಸೀರೆ ಮಡಿಚಿ ಬಂದವಳು. ದಿನವಿಡೀ ನಿಂತು ಊದಿಕೊಳ್ಳುವ ಕಾಲು, ಕಿಟಕಿ ತೆಗೆದರೆ ಪಕ್ಕದ ಗೋಡೆ ಕಾಣುವ ರೂಮು, ಇವತ್ತು ಬಾಯಿ ತುಂಬ ಅಕ್ಕ ಎಂದು ಕರೆದು ನಾಳೆ ಗುರುತು ಹಿಡಿಯದ ಜನ. ಪೇಟೆಯ ಆಸೆ ನನಗೆ ತೀರಿಹೋಗಿತ್ತು. ನನಗೆ ಊರು ಬೇಕಿತ್ತು. ನಲ್ಲಿ ತಿರುಗಿಸಿದರೆ ನೀರು ಬರುವ ಊರು ಎಂದರೆ ಕೇಳಬೇಕೇ, ನಮ್ಮಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ.

ಹೀಗಾಗಿ ಒಳಗಿನಿಂದಲೇ ಒಂದು ಮಾತು ಕೇಳಿದೆ. “ಮುಂದೆ ನೀವೂ ಊರು ಬಿಟ್ಟು ಪ್ಯಾಟಿಗೆ ಹೋಗಲ್ಲ ತಾನೆ?”

ಟೆಂಪೊದಲ್ಲಿ ಬಂದವರೆಲ್ಲ ಗೊಳ್ಳೆಂದು ನಕ್ಕರು. ಬೇರೆ ಹುಡುಗಿಯರೆಲ್ಲ ಪೇಟೆಗೆ ಹೋಗುತ್ತೀರಾ ಎಂದು ಕೇಳುತ್ತಿದ್ದರು, ನಾನೊಬ್ಬಳು ಅದನ್ನು ತಿರುಗಿಸಿ ಕೇಳಿದ್ದೆ. ಮಾವ ಮಾತ್ರ ನಗಲಿಲ್ಲ. ಊರ ಕಟ್ಟೆಯ ಮೇಲೆ ಎಲ್ಲರೂ ಸೇರಿ ಒಂದು ಮಾತು ಮಾಡಿಕೊಂಡಿದ್ದೇವೆ ಎಂದರು. ಹೊರಗಿನಿಂದ ಊರಿಗೆ ಬರುವ ಸೊಸೆಗೆ ಮನೆಮನೆಯವರೂ ಉಡಿ ತುಂಬಬೇಕು. ಆ ಸೊಸೆ ಹೋದ ಮನೆಯವರು ಊರು ಬಿಡಬಾರದು.

ಉಡಿ ತುಂಬುವುದೆಂದರೆ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ ಹಾಕಿ ಹರಸುವುದು. ತವರಿನವರು ಮಗಳಿಗೆ ಮಾಡುವ ಶಾಸ್ತ್ರ ಅದು. ಗಂಡನ ಊರೇ ಉಡಿ ತುಂಬುತ್ತದೆ ಎಂದರೆ ಊರೇ ತವರಾದಂತೆ. ನನ್ನ ಅಪ್ಪ ಆ ಒಂದು ಮಾತಿಗೆ ಸೋತುಹೋದರು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ, ಹಿತ್ತಲು ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ ಬರುವ ಪದ್ಧತಿಯಿದೆ. ಅಪ್ಪ ಅದನ್ನೂ ಬಿಟ್ಟರು. “ಉಡಿ ತುಂಬೋ ಕೈ ಮೋಸ ಮಾಡಲ್ಲ, ನೋಡಾದು ಏನೈತೆ?” ಎಂದರು. ಉಡಿ ಅಕ್ಕಿಯ ಮೇಲೆ ಅಷ್ಟು ನಂಬಿಕೆ ನಮಗೆ. ಬೇರೆ ಯಾರೇ ಆಗಿದ್ದರೂ ಮನೆ ನೋಡದೆ ಮಗಳನ್ನು ಕೊಡುತ್ತಿರಲಿಲ್ಲ.

ಮದುವೆಯಾಗಿ ಊರು ಹೊಕ್ಕ ದಿನ ಬಾಗಿಲು ಬಾಗಿಲಿಗೂ ನಿಲ್ಲಿಸಿ ಉಡಿ ತುಂಬಿದರು. ಸೆರಗು ಭಾರಕ್ಕೆ ಜಗ್ಗುತ್ತಿತ್ತು, ಅತ್ತೆ ಹಿಂದಿನಿಂದ ಬುಟ್ಟಿಗೆ ಸುರಿದುಕೊಳ್ಳುತ್ತಾ ಬಂದರು. ಬೀಗ ಹಾಕಿದ ಮನೆಗಳ ಮುಂದೆಯೂ ಮಾವ ನನ್ನನ್ನು ನಿಲ್ಲಿಸಿ, ಆ ಮನೆಯವರ ಪರವಾಗಿ ತಾವೇ ಒಂದೊಂದು ಹಿಡಿ ಅಕ್ಕಿ ಹಾಕಿದರು. ಬೀಗದ ಮನೆಗಳು ಕಡಿಮೆ ಇರಲಿಲ್ಲ. ಅವುಗಳಲ್ಲಿ ಒಂದು ಅವರ ಸ್ವಂತ ಗಂಡುಮಕ್ಕಳದು, ಅವರಿಬ್ಬರೂ ದಾವಣಗೆರೆ ಸೇರಿ ಬಹಳ ಕಾಲವಾಗಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅದು ತಿಳಿದಾಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಕ್ಕಳು ಹೋದ ನೋವಿಗೇ ಈ ಮನುಷ್ಯ ಊರು ತುಂಬಿಸಲು ಹೊರಟಿದ್ದಾರೆ ಅಂದುಕೊಂಡು ಅವರ ಮೇಲೆ ಇನ್ನಷ್ಟು ಗೌರವ ಇಟ್ಟೆ.

ಮೊದಲ ವರ್ಷಗಳನ್ನು ಸುಳ್ಳು ಅನ್ನಲು ಬಾಯಿ ಬರುವುದಿಲ್ಲ. ಓದಿದ ಸೊಸೆ ಎಂದು ಹಾಲಿನ ಡೈರಿಯಲ್ಲಿ ನನ್ನನ್ನೇ ಕೂರಿಸಿದರು. ಬೆಳಿಗ್ಗೆ ಕ್ಯಾನು ಹಿಡಿದು ಬಂದವರ ಹಾಲು ಪರೀಕ್ಷೆ ಮಾಡುವುದು, ನೀರು ಬೆರೆಸಿದವರ ಕಿವಿ ಹಿಂಡುವುದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆ ಕೆಲಸಕ್ಕೆ ಅದು ಒಳ್ಳೆಯದೇ ಆಯಿತು. ಮಗ ಹುಟ್ಟಿದಾಗ ಊರೇ ಬಂದು ತೊಟ್ಟಿಲು ತೂಗಿತು. ನನ್ನನ್ನು ನೋಡಿ, ನನ್ನ ಮಾತು ಕೇಳಿ, ನಮ್ಮ ಕಡೆಯಿಂದಲೇ ಇನ್ನಿಬ್ಬರು ಸೊಸೆಯರು ಬಂದರು. ಮುಚ್ಚಿದ್ದ ಗಿರಣಿಯನ್ನು ಅವರಲ್ಲೊಬ್ಬಳ ಗಂಡ ಮತ್ತೆ ಶುರು ಮಾಡಿದ. ಹೆಂಗಸರೆಲ್ಲ ಡಿಪೊಗೆ ಹೋಗಿ ಜಗಳ ತೆಗೆದು ಸಂಜೆ ಬಸ್ಸನ್ನು ಕತ್ತಲಗೆರೆ ಕಡೆಯಿಂದ ತಿರುಗಿಸಿ ಊರೊಳಗೆ ತಂದೆವು. ಬಸ್ಸು ಬಂದ ಮೊದಲ ದಿನ ಡ್ರೈವರನಿಗೆ ಹಾರ ಹಾಕಿದ್ದೂ ನಾವೇ. ಮಾವ ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರಿಗೆಲ್ಲ ನನ್ನನ್ನು ತೋರಿಸಿ, “ಊರು ತುಂಬಾಕೆ ಬಂದ ಸೊಸೆ” ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಈಗ ಆ ಮಾತು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಡುವೆ ಅವ್ವ ತೀರಿಕೊಂಡಳು. ಅಪ್ಪನ ಜೊತೆ ತಂಗಿಯೊಬ್ಬಳೇ ಉಳಿದಳು. ಜಗಳೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಚಿತ್ರದುರ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟ ಹುಡುಗನೊಬ್ಬನ ಸಂಬಂಧ ಬಂದಿತ್ತು. ಹೆಚ್ಚುಕಡಿಮೆ ಒಪ್ಪಿಗೆಯೂ ಆಗಿತ್ತು. ಆ ಹೊತ್ತಿಗೆ ಮಾವ ಒಂದು ಬೆಳಿಗ್ಗೆ ಡೈರಿಗೆ ಬಂದು, ಬೆಂಚಿನ ಮೇಲೆ ಕುಳಿತು, “ನಿನ್ನ ತಂಗೀನ ಬ್ಯಾರೆ ಕಡೆ ಯಾಕೆ ಕೊಡ್ತೀರವ್ವ? ನಮ್ಮೂರಿಗೇ ತಂದ್ಕಳಾಣ” ಎಂದರು. ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ, ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಒಳ್ಳೆಯ ಹುಡುಗನಿದ್ದ. ತಂದೆ ತಾಯಿ ಇಲ್ಲದವನು, ಸ್ವಂತ ದುಡಿಮೆಯವನು. ತಂಗಿ ಹತ್ತಿರ ಬರುತ್ತಾಳೆ ಅನ್ನುವ ಆಸೆ ನನಗೂ ಇತ್ತು. ಎಷ್ಟೇ ಉಡಿ ತುಂಬಿದರೂ ಸಂಜೆ ಹೊತ್ತು ಬಾಗಿಲಲ್ಲಿ ಕುಳಿತು ಅವ್ವನ ಸುದ್ದಿ ಮಾತಾಡಲು ನನ್ನವರೆಂದು ಅಲ್ಲಿ ಯಾರೂ ಇರಲಿಲ್ಲ.

ಮಾವ, ನನ್ನ ಯಜಮಾನರು, ನಾನು, ಮೂವರೂ ನನ್ನ ತವರಿಗೆ ಹೋದೆವು. ತಂಗಿ ಸುಲಭಕ್ಕೆ ಬಗ್ಗುವವಳಲ್ಲ. ಚಹಾ ಲೋಟ ಕೊಟ್ಟು ಎದುರಿಗೇ ನಿಂತು ನೇರವಾಗಿ ಕೇಳಿದಳು.

“ಅಕ್ಕ, ಅವ್ವ ಇಲ್ಲ. ಹುಡುಗನ ಮನ್ಯಾಗೆ ಅತ್ತೆನೂ ಇಲ್ಲ. ನಾಳೆ ನಂಗೆ ಬಾಣಂತನ ಯಾರು ಮಾಡ್ತಾರೆ? ಚಿತ್ರದುರ್ಗದಾಗಾದ್ರೆ ಅತ್ತೆ ಅದಾರೆ, ಆಸ್ಪತ್ರೆ ಮನೆ ಮುಂದೇ ಐತೆ.”

“ನಾನು ಮಾಡ್ತೀನಿ,” ಎಂದೆ. “ಅವ್ವ ಇದ್ದಿದ್ರೆ ಹೆಂಗೆ ಮಾಡ್ತಿದ್ಲೋ ಹಂಗೆ. ನಾಲ್ಕು ಮನೆ ಆಚೆ ನಾನಿರ್ತೀನಲ್ಲೇ. ನಮ್ಮ ಮನೇನೇ ನಿನ್ನ ತವರು.”

“ನೀನು ಅಲ್ಲೇ ಇರ್ತೀಯ ಅಂತ ಏನು ಗ್ಯಾರಂಟಿ?”

ಆ ಪ್ರಶ್ನೆಯನ್ನು ಅವಳು ನನ್ನ ಮುಖ ನೋಡಿ ಕೇಳಲಿಲ್ಲ, ನನ್ನ ಯಜಮಾನರ ಮುಖ ನೋಡಿ ಕೇಳಿದಳು. ಅವರು ಮೊಬೈಲ್ ನೋಡುತ್ತಿದ್ದರು. ತಲೆ ಎತ್ತಲಿಲ್ಲ. ಮಾವನೇ ಮುಂದೆ ಬಂದು, “ಎಲ್ಲಿಗೆ ಹೋಗ್ತಾರವ್ವ? ಊರು ತಂದ ಸೊಸೆ ಅವಳು. ಅವಳ ಮನೆ ಊರು ಬಿಟ್ರೆ ನಾನು ಮೀಸೆ ಬೋಳಿಸ್ತೀನಿ” ಎಂದರು. ತಂಗಿ ನಕ್ಕಳು. ಅವಳು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಮೆಡಿಕಲ್ ಶಾಪಿನ ಹುಡುಗನಿಗೆ ಬೇಡ ಎಂದು ಹೇಳಿ ಕಳಿಸಲಾಯಿತು.

ಅವಳಿಗೂ ಬಾಗಿಲು ಬಾಗಿಲಿಗೆ ನಿಲ್ಲಿಸಿ ಉಡಿ ತುಂಬಿದರು. ನಾನೂ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ತುಂಬಿದೆ. ವರ್ಷ ತುಂಬುವುದರೊಳಗೆ ಬಸುರಿಯಾದಳು. ಊರಿಗೆ ಆ ಸುದ್ದಿ ಗೊತ್ತಾದಾಗ ನನಗಿಂತ ಹೆಚ್ಚು ಹಿಗ್ಗಿದವರು ಮಾವ. ದಿನಾ ಡೈರಿಗೆ ಬಂದು, ತಂಗಿಗೆ ಕೆನೆ ತೆಗೆಯದ ಹಾಲು ಹೋಗುತ್ತಿದೆಯೇ ಎಂದು ವಿಚಾರಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಯಜಮಾನರು ನಮ್ಮ ಗದ್ದೆ ಬದುವಿನ ತೇಗದ ಮರಗಳನ್ನು ಕಡಿಸಿದರು. ಯಾಕೆ ಎಂದು ಕೇಳಿದ್ದಕ್ಕೆ ಕೊಟ್ಟಿಗೆ ರಿಪೇರಿಗೆ ಎಂದರು. ಕೊಟ್ಟಿಗೆಗೆ ಯಾರಾದರೂ ತೇಗ ಹಾಕುತ್ತಾರೆಯೇ ಎಂದು ಕೇಳಿದೆ. “ನಿಂಗೆ ಎಲ್ಲದಕ್ಕೂ ಅನುಮಾನ” ಎಂದು ಗೊಣಗಿ ಹೊರಗೆ ಹೋದರು. ಅತ್ತೆಯನ್ನು ಕೇಳಿದರೆ ಅವರಿಗೆ ಕಿವಿಯೇ ಕೇಳಿಸಲಿಲ್ಲ. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಅನ್ನುವವರು ಅವರು, ಬೇಡದ ಪ್ರಶ್ನೆ ಬಂದರೆ ಕಿವುಡಾಗುವುದು ಅವರಿಗೆ ಹೊಸದಲ್ಲ. ನಾನೂ ಬಿಟ್ಟುಬಿಟ್ಟೆ.

ಒಂದು ದಿನ ತಂಗಿಯನ್ನು ಸ್ಕ್ಯಾನಿಂಗಿಗೆ ಚನ್ನಗಿರಿಗೆ ಕರೆದುಕೊಂಡು ಹೋದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನಮಗೆ ಚನ್ನಗಿರಿ ಪಕ್ಕದ ಬೀದಿಯಷ್ಟೇ ಹತ್ತಿರ. ಕೂಸು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರು. ಆ ಖುಷಿಗೆ ಇಬ್ಬರೂ ಕಬ್ಬಿನ ಹಾಲು ಕುಡಿದು ಬಸ್ ಸ್ಟ್ಯಾಂಡ್ ಕಡೆ ನಡೆದು ಬರುತ್ತಿದ್ದೆವು. ದಾರಿಯಲ್ಲಿ ನಮ್ಮ ಮರವನ್ನು ಕೆಲಸಕ್ಕೆ ಕೊಟ್ಟಿದ್ದ ಬಡಗಿ ಆಚಾರ್ರ ಅಂಗಡಿ. ನಮ್ಮ ತೊಲೆಗಳು ಯಾವಾಗ ಆಗುತ್ತವೆ, ಕೇಳಿಕೊಂಡೇ ಹೋಗೋಣ ಎಂದು ನಾನೇ ಒಳಗೆ ಹೊಕ್ಕೆ.

ಅಲ್ಲಿ ತೊಲೆ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಎತ್ತರದ ಬಾಗಿಲಿತ್ತು. ನಡುವೆ ಕಮಲದ ಮೇಲೆ ಲಕ್ಷ್ಮಿ, ಎರಡೂ ಕಡೆ ಆನೆ, ಸುತ್ತ ಬಳ್ಳಿಯ ಕೆತ್ತನೆ. ಆಚಾರ್ರು ಮರದ ಪುಡಿ ಕೊಡವಿಕೊಂಡು ಎದ್ದು ಬಂದರು.

“ಬರ್ರಿ ಅಕ್ಕಾರೆ, ನಿಮ್ದೇ ಬಾಗಿಲು. ಹೆಂಗೈತೆ ನೋಡ್ರಿ. ದಾವಣಗೆರೆ ಮನೆ ಅಂದ್ರೆ ಸುಮ್ನೆ ಏನು? ನಿಮ್ಮ ಮರ ಬಾಳ ಚಲೋ ಬಂದೈತೆ. ಪ್ರವೇಶಕ್ಕೆ ಮುಂಚೆ ಕೊಟ್ಬಿಡ್ತೀನಿ ಅಂತ ನಿಮ್ಮ ದೊಡ್ಡ ಯಜಮಾನ್ರಿಗೆ ಹೇಳಿ ಬಿಡ್ರಿ. ಮೊನ್ನೆ ಬಂದು ಅವಸರ ಮಾಡಿ ಹೋದ್ರು.”

“ಯಾವ ದೊಡ್ಡ ಯಜಮಾನ್ರು?” ಎಂದೆ.

“ಅದೇ, ನಿಮ್ಮ ಮಾವಾರು. ಟವೆಲ್ಲು ಹಾಕ್ಕಂಡಿರ್ತಾರಲ್ಲ.”

ನಾನು ಬಾಗಿಲ ಮೇಲೆ ಕೈ ಇಟ್ಟು ನಿಂತುಕೊಂಡೆ. ಚೆನ್ನಾಗಿದೆ ಎಂದೆ ಅಂತ ಕಾಣುತ್ತದೆ. ತಂಗಿ ನನ್ನ ಹಿಂದೆಯೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವಳು ಊರು ಬರುವವರೆಗೆ ಹೊರಗೇ ನೋಡಿದಳು. ಬೈದಿದ್ದರೆ, ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಇಳಿಯುವಾಗ ಮಾತ್ರ, “ನಿಂಗೆ ಗೊತ್ತಿತ್ತಾ ಅಕ್ಕ?” ಎಂದಳು. ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಮನೆಗೆ ಬಂದು ಯಜಮಾನರನ್ನು ಅಡುಗೆಮನೆಗೆ ಕರೆದೆ. “ದಾವಣಗೆರೇಲಿ ಮನೆ ಕಟ್ತಾ ಇದೀರಂತೆ” ಎಂದೆ. ಅವರು ಬಚ್ಚಿಡಲು ಹೋಗಲಿಲ್ಲ. ಸದ್ಯ ಗೊತ್ತಾಯಿತಲ್ಲ ಎಂದು ಅವರಿಗೆ ನಿರಾಳವಾದಂತೆ ಕಂಡಿತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

“ಮಗ ಓದಾದು ಬ್ಯಾಡ್ವಾ? ಇಲ್ಲಿ ಏನೈತೆ?” ಎಂದರು.

“ಸೈಟು ಯಾವಾಗ ತಗೊಂಡ್ರಿ?”

ಅವರು ನೀರಿನ ಚೊಂಬು ಎತ್ತಿಕೊಂಡರು.

“ನನ್ನ ತಂಗಿ ಮದುವಿಗೆ ಮುಂಚೇನಾ, ಆಮೇಲಾ? ಅಷ್ಟು ಹೇಳ್ರಿ.”

“ಮುಂಚೆ,” ಎಂದರು.

ಹಾಗಾದರೆ ತವರಿನಲ್ಲಿ ನನ್ನ ತಂಗಿ ಅವರ ಮುಖ ನೋಡಿ ಗ್ಯಾರಂಟಿ ಕೇಳಿದಾಗ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮೊಬೈಲ್ ನೋಡುತ್ತಾ ಕುಳಿತಿದ್ದರು. ನಾನು ಒಬ್ಬ ಮನುಷ್ಯನ ಜೊತೆ ಇಷ್ಟು ಕಾಲ ಬಾಳ್ವೆ ಮಾಡಿದ್ದೇನೆ, ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಒಳ್ಳೆಯವರು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಕುಡಿದು ಬಂದು ಹೊಡೆದಿದ್ದರೆ ಅದನ್ನಾದರೂ ಹತ್ತು ಜನರ ಮುಂದೆ ಹೇಳಬಹುದಿತ್ತು. ಸುಮ್ಮನೆ ಕುಳಿತಿದ್ದರು ಅನ್ನುವುದನ್ನು ಯಾರ ಮುಂದೆ ದೂರಲಿ?

“ಆಯ್ತು, ನನ್ನ ತಂಗಿ ಬಾಣಂತನ ದಾವಣಗೆರೆ ಮನ್ಯಾಗೇ ಮಾಡ್ತೀನಿ. ಅಲ್ಲಿ ಆಸ್ಪತ್ರೆನೂ ದೊಡ್ಡದು,” ಎಂದೆ.

ಆಗ ಅತ್ತೆಯ ಕಿವಿ ಚುರುಕಾಯಿತು. ನಡುಮನೆಯಿಂದಲೇ ಕೂಗಿದರು. “ಹೊಸ ಮನ್ಯಾಗೆ ವರ್ಷ ತುಂಬೋ ಮುಂಚೆ ಪುರುಡಿನ ಮೈಲಿಗೆ ಬ್ಯಾಡ. ಅದೂ ಬ್ಯಾರೆ ಮನೆ ಪುರುಡು. ಅವರವರ ಬಾಣಂತನ ಅವರವರ ತವರಿನಾಗೆ.”

“ಅವಳ ತವರು ಯಾವುದು ಅತ್ತೆ?” ಎಂದು ಕೇಳಿದೆ. ಅದು ಅವರಿಗೆ ಮತ್ತೆ ಕೇಳಿಸಲಿಲ್ಲ.

ಮರುದಿನ ಡೈರಿಗೆ ಮಾವ ಬಂದರು. ಹಾಲು ಹಾಕುವವರೆಲ್ಲ ಹೋಗುವವರೆಗೆ ಕಾದೆ. ಊರಿನವರ ಮುಂದೆ ಹಿರಿಯರ ಮರ್ಯಾದೆ ತೆಗೆಯಬಾರದು ಎಂಬ ಬುದ್ಧಿ ಆಗಲೂ ನನಗಿತ್ತು.

“ಬಾಗಿಲು ಚೆನ್ನಾಗಿ ಬಂದೈತೆ ಮಾವ,” ಎಂದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಹೂಂ ಕಣವ್ವ. ಸೈಟು ನೋಡಾಕೂ ನಾನೇ ಹೋಗಿದ್ದೆ.”

“ಮತ್ತೆ ನನ್ನ ತಂಗಿ ಕೇಳಿದಾಗ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬರ್ತಿದ್ಲಾ?”

ಎಷ್ಟು ಸಲೀಸಾಗಿ ಅಂದರು ಎಂದರೆ ನಾನೇ ಪೆದ್ದಿ ಅನ್ನಿಸಿತು. ಆಮೇಲೆ ಅವರು, ಸಣ್ಣ ಮಗುವಿಗೆ ತಿಳಿಹೇಳುವ ಹಾಗೆ, ಬೆಂಚಿನ ಮೇಲೆ ನನಗೂ ಜಾಗ ಬಿಟ್ಟು ಮಾತಾಡಿದರು.

“ಕೂತ್ಕೊ ತಾಯಿ. ನಿನ್ನ ಗಂಡ ಹೋಗ್ತೀನಿ ಅಂದ. ನಾನು ಬ್ಯಾಡ ಅಂದೆ, ಬೈದೆ, ಕೇಳಲಿಲ್ಲ. ನನ್ನ ಮಕ್ಕಳೇ ನನ್ನ ಮಾತು ಕೇಳಲಿಲ್ಲ, ತಮ್ಮನ ಮಗ ಕೇಳ್ತಾನಾ? ಒಂದು ಮನೆ ಹೋಗಾದು ಖಾತ್ರಿ ಆದ ಮ್ಯಾಲೆ ಇನ್ನೊಂದು ಮನೆ ತುಂಬಿಸ್ಬೇಕಲ್ಲ. ಅದಕ್ಕೇ ನಿನ್ನ ತಂಗಿ ಇಚಾರ ತೆಗೆದೆ. ಊರು ಉಳೀಬೇಕಲ್ಲವ್ವ.”

ಅಂದರೆ ನಾನು ಹೊರಡುತ್ತೇನೆ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು, ಗೊತ್ತಾದ ಮೇಲೆಯೇ ನನ್ನ ಜಾಗಕ್ಕೆ ನನ್ನ ತಂಗಿಯನ್ನು ಹುಡುಕಿದ್ದರು. ಹುಡುಕಲು ನನ್ನನ್ನೇ ಕರೆದುಕೊಂಡು ಹೋಗಿದ್ದರು. ಅಕ್ಕನ ಆಸೆಗೆ ಬಂದವಳು ಅವಳು. ಅಕ್ಕ ಇರುವುದಿಲ್ಲ ಎಂದು ಊರಿನ ಹಿರಿಯರಿಗೂ ಗೊತ್ತು, ಭಾವನಿಗೂ ಗೊತ್ತು, ಗೊತ್ತಿಲ್ಲದಿದ್ದದ್ದು ಅಕ್ಕನಿಗೇ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಅವ್ವ ಆಗಾಗ ಹೇಳುತ್ತಿದ್ದಳು. ಆ ಗಾದೆ ಇನ್ನೊಬ್ಬರಿಗೆ ಹೇಳಲು ಮಾತ್ರ ಇರುವುದು ಅಂದುಕೊಂಡಿದ್ದೆ.

“ಮೀಸೆ ಬೋಳಿಸ್ತೀನಿ ಅಂದಿದ್ರಿ,” ಎಂದೆ.

ಅವರು ಮೀಸೆ ಮುಟ್ಟಿಕೊಂಡು ನಕ್ಕರು. “ಆಡೋ ಮಾತೆಲ್ಲ ಹಂಗೇ ಹಿಡ್ಕಂಡ್ರೆ ಹೆಂಗವ್ವ?” ಎಂದು ಎದ್ದು ಹೋದರು.

ಗೃಹಪ್ರವೇಶಕ್ಕೆ ನಾನು ಹೋದೆ. ಹೋಗದೆ ಇರಲಾಗುತ್ತದೆಯೇ? ಹೊಸ ಸೀರೆ ಉಟ್ಟು, ಹಾಲು ಉಕ್ಕಿಸಿ, ಬಂದವರಿಗೆ ಅರಿಶಿನ ಕುಂಕುಮ ಕೊಟ್ಟೆ. ಊರಿನ ಮುಕ್ಕಾಲು ಜನ ಟ್ರ್ಯಾಕ್ಟರ್, ಟೆಂಪೊ ಮಾಡಿಕೊಂಡು ಬಂದಿದ್ದರು. ಸೊಸೆ ತಂದ ಮನೆಯವರು ಊರು ಬಿಡಬಾರದು ಎಂದು ಕಟ್ಟೆಯ ಮೇಲೆ ಕುಳಿತು ಮಾತು ಮಾಡಿಕೊಂಡವರೆಲ್ಲ ಹೋಳಿಗೆ ಉಂಡು, ಟೈಲ್ಸ್ ಎಷ್ಟು ನುಣುಪು ಎಂದು ಅಂಗಾಲಿನಿಂದ ಸವರಿ ನೋಡಿದರು. ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಇಬ್ಬರು ಮೂವರು ಅದೇ ಏರಿಯಾದಲ್ಲಿ ಬೇರೆ ಸೈಟು ಇದೆಯೇ ಎಂದು ನನ್ನ ಯಜಮಾನರನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ನನ್ನ ಮಾತು ಕೇಳಿ ಆ ಊರಿಗೆ ಬಂದಿದ್ದ ಸೊಸೆಯೊಬ್ಬಳು, ಗಿರಣಿಯವನ ಹೆಂಡತಿ, ನನ್ನ ಕೈಯಿಂದ ಕುಂಕುಮ ತೆಗೆದುಕೊಳ್ಳುತ್ತಾ, “ನಮ್ಮನ್ನ ಊರಿಗೆ ತಂದು ನೀವು ಚಲೋ ಜಾಗ ನೋಡ್ಕಂಡ್ರಿ ಅಕ್ಕಾರೆ” ಎಂದಳು. ನಗುತ್ತಲೇ ಅಂದಳು. ನಾನು ಕುಂಕುಮದ ಬಟ್ಟಲನ್ನು ಮುಂದಿನವರ ಕಡೆ ಹಿಡಿದೆ.

ತಂಗಿ ಬರಲಿಲ್ಲ. ದಿನ ತುಂಬಿದವಳು ಪ್ರಯಾಣ ಮಾಡಬಾರದು ಎಂದು ಹೇಳಿ ಕಳಿಸಿದ್ದಳು.

ಸಂಜೆ ನಾನು ಬ್ಯಾಗು ಹಿಡಿದು ಹೊರಟಾಗ ಯಜಮಾನರು ಆ ಲಕ್ಷ್ಮಿ ಬಾಗಿಲಲ್ಲಿ ಅಡ್ಡ ನಿಂತರು.

“ಎಷ್ಟು ದಿನ?”

“ಬಾಣಂತನ ಮುಗಿಯೋ ತನಕ.”

“ಹೊಸ ಮನಿಗೆ ಬಂದ ದಿನಾನೇ ಹೆಂಡ್ತಿ ವಾಪಸ್ ಹೋದ್ಲು ಅಂದ್ರೆ ಜನ ಏನಂತಾರೆ? ನನ್ನ ಮಾನ ಏನಾಗ್ಬೇಕು?”

“ನಾನು ಕೊಟ್ಟ ಮಾತು ಏನಾಗ್ಬೇಕು?” ಎಂದೆ.

ಅವರು ದಾರಿ ಬಿಟ್ಟರು. ಮಗನನ್ನು ಬಿಡಲಿಲ್ಲ. ಶಾಲೆ ಶುರುವಾಗುತ್ತದೆ, ಅಡ್ಮಿಷನ್ ಆಗಿದೆ ಎಂದರು. ಮಗನನ್ನೇ ಕೇಳಿದ್ದರೆ ಅವನು ನನ್ನ ಸೀರೆ ಹಿಡಿದುಕೊಳ್ಳುತ್ತಿದ್ದ, ಅದು ನನಗೆ ಗೊತ್ತಿತ್ತು. ಅವನು ಮಹಡಿ ಮೆಟ್ಟಿಲ ಮೇಲೆ ಹೊಸ ಹುಡುಗರ ಜೊತೆ ಆಡುತ್ತಿದ್ದ. ಕರೆಯದೆ ಬಂದುಬಿಟ್ಟೆ. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ತವರಿನಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು.

ಹಳೆಯ ಮನೆಯಲ್ಲಿ ಬೇಕಾದ್ದೇ ಇರಲಿಲ್ಲ. ದನಗಳನ್ನು ಮಾರಿದ್ದರು, ಗದ್ದೆಯನ್ನು ಬೆಳೆಯಲ್ಲಿ ಪಾಲು ಮಾತಾಡಿ ಕೋರಿಗೆ ಕೊಟ್ಟಿದ್ದರು, ದೊಡ್ಡ ಪಾತ್ರೆಗಳೆಲ್ಲ ದಾವಣಗೆರೆಗೆ ಹೋಗಿದ್ದವು. ಮಲಗಲು ಹಗ್ಗ ಹೆಣೆದ ಒಂದು ಹೊರಸು ಉಳಿದಿತ್ತು. ತಂಗಿಗೆ ಹೆರಿಗೆ ಚನ್ನಗಿರಿಯ ಆಸ್ಪತ್ರೆಯಲ್ಲಿ ಆಯಿತು, ಹೆಣ್ಣು ಕೂಸು. ಆ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ ಎಂದು ಅವ್ವ ನನಗೆ ಏನೇನು ಮಾಡಿದ್ದಳೋ ಎಲ್ಲ ನೆನೆಸಿಕೊಂಡು ಮಾಡಿದೆ. ತಂಗಿ ಹೇಳಿದಂತೆ ಕೇಳಿದಳು. ಎಣ್ಣೆ ಹಚ್ಚಿ ನೀರು ಹಾಕುವಾಗ ಕಣ್ಣು ಮುಚ್ಚಿ ಕೂರುತ್ತಿದ್ದಳು. ಚಿಕ್ಕವಳಿದ್ದಾಗಿನ ಸುದ್ದಿ ತೆಗೆದರೆ ನಗುತ್ತಿದ್ದಳು. ದಾವಣಗೆರೆಯ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ. ಮಗ ದಿನಾ ಬೆಳಿಗ್ಗೆ ಫೋನ್ ಮಾಡಿ ಯಾವಾಗ ಬರ್ತೀಯ ಎಂದು ಕೇಳುತ್ತಿದ್ದ. ಆಗ ಮಾತ್ರ ನಾನು ಫೋನ್ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ.

ಕೂಸಿಗೆ ತೊಟ್ಟಿಲ ಶಾಸ್ತ್ರವಾದ ಮೇಲೆ ಮಾವ ಬಂದರು. ಕೊಬ್ಬರಿ, ಬೆಲ್ಲ, ಕೂಸಿಗೊಂದು ಕುಲಾವಿ ತಂದಿದ್ದರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, “ಇವಳನ್ನ ಮಾತ್ರ ಹೊರಗೆ ಕೊಡಬ್ಯಾಡ್ರವ್ವ” ಎಂದು ನಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಇನ್ನೂ ಹುಡುಗ್ರು ಅದಾರೆ ತಾಯಿ. ಜಗಳೂರ ಕಡೆ ಒಂದು ಹೆಣ್ಣು ಐತಂತೆ, ಓದಿದ ಹುಡುಗಿ. ನೀನು ಬಂದ್ರೆ ಆಗ್ತೈತೆ. ನಿನ್ನ ಮಾತಿಗೆ ಈಗ ಮೊದ್ಲಿಗಿಂತ ತೂಕ ಜಾಸ್ತಿ. ಗಂಡ ಹೋದ್ರೂ ಊರು ಬಿಡದ ಸೊಸೆ ಅಂತ ಹೇಳಬಹುದು.”

ನನಗೆ ಸಿಟ್ಟು ಬರಲಿಲ್ಲ. ಅದು ಬರುವ ಜಾಗವೇ ಒಣಗಿಹೋಗಿತ್ತು. ನಾನು ಗಂಡನ ಜೊತೆ ಮನಸ್ಸು ಮುರಿದುಕೊಂಡದ್ದು, ಮಗನನ್ನು ಬಿಟ್ಟು ಬಂದದ್ದು, ಅದೂ ಅವರಿಗೆ ಒಂದು ಹೆಣ್ಣು ಗೊತ್ತು ಮಾಡಲು ಉಪಯೋಗಕ್ಕೆ ಬಂತು.

“ಬರ್ತೀನಿ ಮಾವ,” ಎಂದೆ. “ಆದ್ರೆ ಆ ಹುಡುಗಿ ಏನೇ ಕೇಳಿದ್ರೂ ಇದ್ದದ್ದು ಇದ್ದಂಗೆ ಹೇಳ್ತೀನಿ. ಯಾರ್ಯಾರ ಮನೆ ದಾವಣಗೆರೇಲಿ ಏಳ್ತಾ ಐತೆ, ಎಲ್ಲಾ ಹೇಳ್ತೀನಿ.”

ಅವರು ಕೂಸಿನ ಕುಲಾವಿ ಸರಿಮಾಡಿದರು. “ಹಂಗಾದ್ರೆ ಬ್ಯಾಡ ಬಿಡವ್ವ,” ಎಂದರು. ಆಮೇಲೆ ಹೊರಸಿನ ಕಡೆ ನೋಡಿ, “ನೀನು ಬಾರವ್ವ, ಬಾಣಂತನ ಮುಗೀಲಿ. ಕೂಸು ಎತ್ಕಂಡು ಸುಮ್ನೆ ಪಕ್ಕದಾಗೆ ಕೂತ್ರೆ ಸಾಕು” ಎಂದು ನನ್ನ ತಂಗಿಗೆ ಹೇಳಿದರು.

ಅವಳು ಉಗಿದು ಕಳಿಸುತ್ತಾಳೆ ಎಂದು ನಾನು ಕಾದೆ. ನನಗೆ ಆದದ್ದೆಲ್ಲ ಅವಳಿಗೆ ಗೊತ್ತು, ಅವಳಿಗೂ ಅದೇ ಆಗಿದೆ.

“ಆಗ್ಲಿ ಮಾವ, ಬರ್ತೀನಿ,” ಎಂದಳು ತಂಗಿ.

ನಾನು ಅವಳನ್ನೇ ನೋಡಿದೆ. ಅವಳು ಕೂಸಿಗಾಗಿ ಮಾವನ ಕಡೆ ಕೈ ಚಾಚಿದಳು.

“ಇನ್ನೊಬ್ಬಳು ಬಂದ್ರೆ ನಂಗೂ ಜೊತೆ ಆಗ್ತೈತಲ್ಲ ಅಕ್ಕ. ನೀನು ಇವತ್ತಲ್ಲ ನಾಳೆ ಮಗನ ಹತ್ರ ಹೋಗಾಕಿ.”

ಇಲ್ಲ ಕಣೇ, ಹೋಗುವುದಿಲ್ಲ ಎಂದು ಹೇಳಬೇಕಿತ್ತು. ಹೇಳದೆ, ಬಗ್ಗಿ ಹೊರಸಿನ ಕೆಳಗಿನ ಅಗ್ಗಿಷ್ಟಿಕೆಯ ಕೆಂಡ ಕೆದಕಿದೆ.